ಸ್ಕ್ಯಾನ್ ನಾರ್ಮಲ್ ಬಂದ ಮೇಲೆ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ನಾನು ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ನಿಮ್ಮಿಂದ ಒಂದೇ ಒಂದು ವಾಕ್ಯ ಕೇಳುವುದಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಆ ವಾಕ್ಯ ಯಾವುದು, ಅದು ಎಲ್ಲಿ ಅಚ್ಚಾಗಬೇಕು ಎಂದು ಹೇಳುವ ಮೊದಲು ನನ್ನ ತಂಗಿಯ ತಾಳಿಯ ವಿಷಯ ಹೇಳಬೇಕು.

ಹುಬ್ಬಳ್ಳಿಯ ಒಂದು ಸ್ಕ್ಯಾನಿಂಗ್ ಸೆಂಟರ್. ಎಂಆರ್‌ಐ ಕೋಣೆಗೆ ಹೋಗುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕೆಂದು ಅಲ್ಲಿಯ ಹುಡುಗಿ ಹೇಳಿದಳು. ಕಿವಿಯೋಲೆ, ಬಳೆ, ಕೂದಲಿನ ಪಿನ್ನು ಎಲ್ಲ ಬೇಗ ಬೇಗ ಬಂದವು. ಒಂಬತ್ತು ವರ್ಷ ಕಾಲಲ್ಲೇ ಇದ್ದ ಕಾಲುಂಗುರ ಮಾತ್ರ ಸೋಪಿನ ನೀರು ಹಚ್ಚಿದರೂ ಬೆರಳು ಬಿಡಲಿಲ್ಲ, ತುಂಬ ಹೊತ್ತು ತಿರುವಿ ತಿರುವಿ ತೆಗೆಯಬೇಕಾಯಿತು. ಕೊನೆಗೆ ಉಳಿದದ್ದು ತಾಳಿ. ತಂಗಿಯ ಅತ್ತೆ ಮುಖ ಆಚೆ ತಿರುಗಿಸಿ ನಿಂತರು. ನನ್ನ ಅವ್ವ ರಾತ್ರಿಯೇ ತಯಾರಿ ಮಾಡಿಕೊಂಡು ಬಂದಿದ್ದಳು. ಚೀಲದಿಂದ ಅರಿಶಿನ ಕೊಂಬು ಕಟ್ಟಿದ ಹಳದಿ ದಾರ ತೆಗೆದು ಮೊದಲು ಅದನ್ನು ಮಗಳ ಕೊರಳಿಗೆ ಕಟ್ಟಿ, ಆಮೇಲೆ ತಾಳಿ ಬಿಚ್ಚಿ ತನ್ನ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ಕೊರಳು ಒಂದು ಕ್ಷಣವೂ ಬರಿದಾಗಬಾರದು, ಅಷ್ಟೇ ಅವಳ ಕಾಳಜಿ.

ಆಗ ತಂಗಿ ನನ್ನ ಕಡೆ ನೋಡಿ ಕೇಳಿದಳು: "ಅಕ್ಕಾ, ಈ ಮಷಿನ್ನ್ಯಾಗ ನನಗಾಗೂದು ಕಾಣತೈತೇನು?"

"ಕಾಣಬಹುದು" ಅಂದೆ. ಇಪ್ಪತ್ತು ವರ್ಷದಿಂದ ವಿಜ್ಞಾನ ಹೇಳಿಕೊಟ್ಟವಳು ನಾನು. ಅಂದು ಆಡಿದ ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ.

ಅವಳಿಗೆ ಆಗುತ್ತಿದ್ದದ್ದು ಏನೆಂದು ಹೇಳುತ್ತೇನೆ. ಅದು ಖಿನ್ನತೆ, ಆತಂಕ ಎಂದು ನಮಗೆ ತಿಳಿದದ್ದು ತಡವಾಗಿ. ಎಂಟು ತಿಂಗಳಿಂದ ನಸುಕಿನ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ತಲೆ ಕಲ್ಲಿನಷ್ಟು ಭಾರ ಅನ್ನುತ್ತಿದ್ದಳು. ಏನೂ ಕಾರಣವಿಲ್ಲದೆ ಎದೆ ಡವಡವ ಹೊಡೆದುಕೊಂಡು ಅಂಗೈ ಬೆವರುತ್ತಿತ್ತು. ನಮ್ಮ ಮನೆತನದಲ್ಲಿ ಅವಳ ಹಾಗೆ ರೊಟ್ಟಿ ಬಡಿಯುವವರು ಇರಲಿಲ್ಲ. ಕಾಗದದಷ್ಟು ತೆಳ್ಳಗಿನ, ಚಂದ್ರನಷ್ಟು ಗುಂಡಗಿನ ಜೋಳದ ರೊಟ್ಟಿ ಅವಳದು. ಆ ದಿನಗಳಲ್ಲಿ ಒಮ್ಮೆ ಅವಳ ಮನೆಗೆ ಹೋದಾಗ ನೋಡಿದೆ: ಹಿಟ್ಟಿನ ಮೇಲೆ ಕೈ ಇಟ್ಟವಳು ಹಾಗೇ ನಿಂತಿದ್ದಳು. ಹಂಚು ಕಾದು ಹೊಗೆ ಎದ್ದಿತ್ತು, ಹಿಟ್ಟು ಒಣಗಿ ಅಂಚು ಬಿರುಕು ಬಿಟ್ಟಿತ್ತು. ಕರೆದರೆ "ಹ್ಞಾಂ" ಅಂದಳು, ಕೈ ಅಲುಗಲಿಲ್ಲ.

ಮೊದಲು ನೋಡಿದ ವೈದ್ಯರು ಎಂಆರ್‌ಐ ಬರೆದದ್ದರಲ್ಲಿ ತಪ್ಪಿರಲಿಲ್ಲ ಎಂದು ಈಗ ನನಗೆ ಗೊತ್ತು. ತಿಂಗಳುಗಟ್ಟಲೆ ತಲೆನೋವು ಇದ್ದವರಲ್ಲಿ ಗಡ್ಡೆಯೋ ರಕ್ತಸ್ರಾವವೋ ಇಲ್ಲ ಎಂದು ಖಚಿತ ಮಾಡಿಕೊಳ್ಳುವುದು ಸರಿಯಾದ ಕ್ರಮ. ವಯಸ್ಸಾದವರಲ್ಲಿ ಮೊದಲ ಬಾರಿ ಇಂಥ ಲಕ್ಷಣ ಕಂಡರೆ, ಫಿಟ್ಸ್ ಬಂದರೆ, ನಡತೆ ದಿಢೀರನೆ ಬದಲಾದರೆ ಸ್ಕ್ಯಾನ್ ಮಾಡಿಸಲೇಬೇಕಾಗುತ್ತದೆ. ಆದರೆ ಏನನ್ನು ಹುಡುಕುವುದಕ್ಕೆ ಸ್ಕ್ಯಾನ್ ಮಾಡಿಸುತ್ತಿದ್ದೇವೆ ಎಂದು ನಮಗೆ ಒಬ್ಬರೂ ಹೇಳಲಿಲ್ಲ. ವರದಿ ಬಂತು. ಇಂಗ್ಲಿಷಿನಲ್ಲಿ ಒಂದೂವರೆ ಪುಟ, ಕೊನೆಯ ಸಾಲಿನಲ್ಲಿ ಗಮನಾರ್ಹ ದೋಷವೇನೂ ಕಂಡುಬಂದಿಲ್ಲ ಎಂಬ ಅರ್ಥದ ಮಾತು. ಅಂಗಳದಲ್ಲಿ ಕೂತು ತಂಗಿಯ ಗಂಡ ಅದನ್ನು ಓದಿ ಹೇಳಿದ. ಅತ್ತೆ ಅಂದರು: "ಏನೂ ಇಲ್ಲಂತ ಬರದಾರ. ಮತ್ತ ಯಾಕ ಮುಂಜಾನೆ ಏಳಂಗಿಲ್ಲ ಈಕಿ?"

ಆ ಹೊತ್ತಿನಿಂದ ನನ್ನ ತಂಗಿ ಆ ಮನೆಯಲ್ಲಿ ರೋಗಿಯಾಗಿ ಉಳಿಯಲಿಲ್ಲ. ನಾಟಕದವಳಾದಳು, ಸೋಮಾರಿಯಾದಳು, ತವರಿಗೆ ಹೋಗುವುದಕ್ಕೆ ನೆವ ಹುಡುಕುವವಳಾದಳು. ಅವರು ಕೆಟ್ಟ ಜನರೆಂದು ನಾನು ಹೇಳಲಾರೆ. ಏಳೂವರೆ ಸಾವಿರ ಕೊಟ್ಟು ತಲೆಯ ಒಳಗನ್ನೇ ನೋಡಿಸಿದ್ದೇವೆ, ಒಳಗೆ ಏನೂ ಇಲ್ಲ ಎಂದು ಮಷಿನ್ನೇ ಹೇಳಿದೆ ಎಂದು ಅವರು ನಂಬಿದರು. ನನ್ನ ತಂಗಿಯೂ ಹಾಗೇ ನಂಬಿದಳು ಎಂಬುದು ಎಲ್ಲಕ್ಕಿಂತ ದೊಡ್ಡ ಸಂಕಟ. "ನಂದ ತಪ್ಪಿರಬೇಕಕ್ಕ, ನಾನ ಮನಸ್ಸು ಗಟ್ಟಿ ಮಾಡಬೇಕು" ಎಂದು ಅತ್ತಳು.

ಸ್ವಾಮಿ, ಆ ಮಷಿನ್ನು ಏನು ನೋಡುತ್ತದೆ, ಏನು ನೋಡುವುದಿಲ್ಲ ಎಂದು ನಾನು ಆಮೇಲೆ ಕೂತು ಓದಿಕೊಂಡೆ. ಶಾಲೆಯ ಕೆಲಸ ಮುಗಿಸಿ, ಒಂದು ವರ್ಷ.

ನಮ್ಮ ಕಡೆಯ ಸೆಂಟರುಗಳಲ್ಲಿ ಹೆಚ್ಚಾಗಿ ಇರುವುದು 1.5 ಟೆಸ್ಲಾ ಯಂತ್ರ. ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30 ಸಾವಿರ ಪಟ್ಟು ಬಲದ ಅಯಸ್ಕಾಂತ ಅದು. ದೇಹದ ನೀರಿನಲ್ಲಿರುವ ಹೈಡ್ರೋಜನ್ನಿನ ಪ್ರೋಟಾನುಗಳನ್ನು ರೇಡಿಯೋ ತರಂಗದಿಂದ ಕದಲಿಸಿ, ಅವು ಮತ್ತೆ ನೆಲೆಗೆ ಬರುವಾಗ ಹೊಮ್ಮಿಸುವ ಸಂಕೇತ ಹಿಡಿದು ಚಿತ್ರ ಕಟ್ಟುತ್ತದೆ. ಎಲ್ಲಿ ನೀರು ಹೆಚ್ಚು, ಎಲ್ಲಿ ಕೊಬ್ಬು, ಎಲ್ಲಿ ಊತ, ಎಲ್ಲಿ ಗಡ್ಡೆ ಎಂಬುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ ಇದಕ್ಕಾಗಿ 2003ರಲ್ಲಿ ನೊಬೆಲ್ ಬಂದದ್ದು ತಕ್ಕದ್ದೇ. ಆದರೆ ಬೇಸರಕ್ಕೆ, ಭಯಕ್ಕೆ, ಬದುಕು ಸಾಕೆನಿಸುವುದಕ್ಕೆ ಅಲ್ಲಿ ಒಂದು ಬಿಳಿ ಚುಕ್ಕೆ ಮೂಡುವುದಿಲ್ಲ.

ಹಾಗಂತ ಖಿನ್ನತೆ ಇರುವವರ ಮಿದುಳಿನಲ್ಲಿ ಬದಲಾವಣೆಯೇ ಇಲ್ಲ ಎಂದಲ್ಲ. ಇದು ಸೂಕ್ಷ್ಮದ ವಿಷಯ, ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. 2016ರಲ್ಲಿ ಎನಿಗ್ಮಾ ಎಂಬ ಅಂತಾರಾಷ್ಟ್ರೀಯ ಒಕ್ಕೂಟ ಖಿನ್ನತೆಯ 1,728 ರೋಗಿಗಳ ಮತ್ತು 7,199 ಆರೋಗ್ಯವಂತರ ಎಂಆರ್‌ಐಗಳನ್ನು ಒಟ್ಟುಗೂಡಿಸಿ ಅಳೆಯಿತು. ನೆನಪಿಗೂ ಭಾವನೆಗೂ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗ ರೋಗಿಗಳಲ್ಲಿ ಸರಾಸರಿ ಶೇ 1.24ರಷ್ಟು ಚಿಕ್ಕದಿತ್ತು. ಅದು ಕೂಡ ಎದ್ದು ಕಂಡದ್ದು ಖಿನ್ನತೆ ಮತ್ತೆ ಮತ್ತೆ ಮರುಕಳಿಸಿದವರಲ್ಲಿ. ಮೊದಲ ಸಲ ಖಿನ್ನತೆಗೆ ಬಿದ್ದವರಲ್ಲಿ ವ್ಯತ್ಯಾಸ ಸಿಗಲಿಲ್ಲ.

ಶೇ 1.24 ಅಂದರೆ ಏನು? ನಮ್ಮ ಶಾಲೆಯ ಮಕ್ಕಳ ಸರಾಸರಿ ಎತ್ತರ ಪಕ್ಕದೂರಿನ ಶಾಲೆಗಿಂತ ಎರಡು ಸೆಂಟಿಮೀಟರ್ ಕಡಿಮೆ ಇದೆ ಎಂದುಕೊಳ್ಳಿ. ಸಾವಿರ ಮಕ್ಕಳನ್ನು ಅಳೆದರೆ ಆ ಅಂತರ ನಿಜ. ಆದರೆ ಸಂತೆಯಲ್ಲಿ ಎದುರಾದ ಒಬ್ಬ ಹುಡುಗಿಯ ಎತ್ತರ ನೋಡಿ ಅವಳು ಯಾವ ಶಾಲೆಯವಳು ಎಂದು ಹೇಳಲು ಆಗುವುದಿಲ್ಲ. ಗುಂಪಿನ ಸರಾಸರಿ ಬೇರೆ, ನನ್ನ ತಂಗಿಯ ತಲೆ ಬೇರೆ. ಜರ್ಮನಿಯ ಸಂಶೋಧಕರು 2022ರಲ್ಲಿ ಇದನ್ನೇ ನೇರವಾಗಿ ಪರೀಕ್ಷಿಸಿದರು. 1,809 ಜನ, ಮಿದುಳಿನ ರಚನೆಯನ್ನೂ ಕೆಲಸವನ್ನೂ ತೋರಿಸುವ ಹಲವು ಬಗೆಯ ಚಿತ್ರಣ. ಖಿನ್ನತೆ ಇರುವವರ ಮತ್ತು ಇಲ್ಲದವರ ಅಳತೆಗಳು ಶೇ 87ರಿಂದ 95ರಷ್ಟು ಒಂದರ ಮೇಲೊಂದು ಬಿದ್ದವು. ಒಂದು ಅಳತೆ ಕೈಯಲ್ಲಿ ಹಿಡಿದು ಯಾರು ರೋಗಿ ಎಂದು ಗುರುತಿಸಹೊರಟರೆ ಸರಿಯಾದದ್ದು ನೂರಕ್ಕೆ 54ರಿಂದ 56 ಸಲ ಮಾತ್ರ. ನಾಣ್ಯ ಚಿಮ್ಮಿದರೆ 50.

ಈ ಸಂಖ್ಯೆಯನ್ನು ನನ್ನ ತಂಗಿಯ ಗಂಡನಿಗೆ ಯಾರಾದರೂ ಆ ದಿನ ಹೇಳಿದ್ದರೆ!

ಇನ್ನು ಟಿವಿಯಲ್ಲಿ, ಪತ್ರಿಕೆಯಲ್ಲಿ ಕಾಣುವ ಕೆಂಪು ಹಳದಿ ಬಣ್ಣದ ಮಿದುಳಿನ ಚಿತ್ರ. ಅದು ಫಂಕ್ಷನಲ್ ಎಂಆರ್‌ಐ. ಜಪಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಸೈಜಿ ಒಗಾವಾ 1990ರಲ್ಲಿ ದಾರಿ ತೋರಿಸಿದ ತಂತ್ರ. ರಕ್ತದಲ್ಲಿ ಆಮ್ಲಜನಕ ಹೆಚ್ಚು ಕಡಿಮೆಯಾದಂತೆ ಕಾಂತ ಸಂಕೇತ ಬದಲಾಗುತ್ತದೆ, ಅದರಿಂದ ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯಿತು ಎಂದು ತಿಳಿಯುತ್ತದೆ. ನರಕೋಶ ಕೆಲಸ ಮಾಡಿದ ಐದಾರು ಸೆಕೆಂಡಿನ ಮೇಲೆ ಆ ಏರಿಕೆ ತುದಿ ಮುಟ್ಟುತ್ತದೆ. ತುಂಗಭದ್ರಾ ಕಾಲುವೆಯಲ್ಲಿ ನೀರು ಏರಿದ್ದನ್ನು ನೋಡಿ, ಕೆಳಗಿನ ಯಾವ ಹೊಲದಲ್ಲಿ ಯಾವ ಬೆಳೆಗೆ ನೀರು ಕಟ್ಟುತ್ತಿದ್ದಾರೆ ಎಂದು ಊಹಿಸಿದ ಹಾಗೆ. ನೀರು ಏರಿದ್ದು ಸುಳ್ಳಲ್ಲ. ಬೆಳೆ ಯಾವುದೆಂದು ನೀರು ಹೇಳುವುದಿಲ್ಲ.

ಬಣ್ಣವನ್ನು ಹಚ್ಚುವುದು ಕಂಪ್ಯೂಟರು, ಲೆಕ್ಕ ಹಾಕಿ. ಆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂದು ತೋರಿಸಲು ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ಒಂದು ಸತ್ತ ಸಾಲ್ಮನ್ ಮೀನನ್ನು ಯಂತ್ರದೊಳಗೆ ಇಟ್ಟು, ಮನುಷ್ಯರ ಫೋಟೋಗಳನ್ನು ತೋರಿಸಿ, ಇವರ ಭಾವನೆ ಏನು ಎಂದು ಕೇಳುವ ಪ್ರಯೋಗವನ್ನೇ ಮಾಡಿದರು. ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಕೈಬಿಟ್ಟರೆ ಸತ್ತ ಮೀನಿನ ಮಿದುಳಿನಲ್ಲೂ ಕೆಂಪು ಚುಕ್ಕೆ ಬೆಳಗಿತು. 2009ರಲ್ಲಿ ಅವರು ಇದನ್ನು ಮುಂದಿಟ್ಟದ್ದು ತಮ್ಮದೇ ಕ್ಷೇತ್ರದವರನ್ನು ಎಚ್ಚರಿಸಲು. 2020ರಲ್ಲಿ ಮತ್ತೊಂದು: 108 ಜನರ ಒಂದೇ ಸ್ಕ್ಯಾನ್ ಮಾಹಿತಿಯನ್ನು ಜಗತ್ತಿನ 70 ತಂಡಗಳಿಗೆ ಕೊಟ್ಟು ಒಂಬತ್ತು ಪ್ರಶ್ನೆಗಳಿಗೆ ಉತ್ತರ ಕೇಳಿದರು. ಹಲವು ಪ್ರಶ್ನೆಗಳಿಗೆ ತಂಡ ತಂಡಕ್ಕೂ ಉತ್ತರ ಬೇರೆಯಾಯಿತು. ಖಿನ್ನತೆಯ ವಿಷಯಕ್ಕೇ ಬಂದರೆ, 99 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2017ರ ಒಂದು ವಿಶ್ಲೇಷಣೆಯಲ್ಲಿ ಎಲ್ಲವೂ ಬೊಟ್ಟು ಮಾಡುವ ಒಂದೇ ಜಾಗ ಸಿಗಲಿಲ್ಲ.

ಇದನ್ನೆಲ್ಲ ವಿಜ್ಞಾನಿಗಳೇ ಹೇಳಿದ್ದಾರೆ, ಅದಕ್ಕೇ ನನಗೆ ಈ ವಿಜ್ಞಾನದ ಮೇಲೆ ಗೌರವ ಹೆಚ್ಚಿದೆ. ತಮ್ಮ ಉಪಕರಣದ ಮಿತಿಯನ್ನು ಅವರು ಬಚ್ಚಿಟ್ಟಿಲ್ಲ. ಆ ಮಿತಿಯ ಮಾತು ಹುಬ್ಬಳ್ಳಿಯ ವರದಿಯವರೆಗೆ, ನಮ್ಮ ಅಂಗಳದವರೆಗೆ ಬಂದು ಮುಟ್ಟಲಿಲ್ಲ ಎಂಬುದು ನನ್ನ ದೂರು.

ಆತಂಕದ ಬಗ್ಗೆ ಒಂದು ಮಾತು. ಪುಸ್ತಕಗಳಲ್ಲಿ ಅಮಿಗ್ಡಲಾ ಎಂಬ ಬಾದಾಮಿಯಾಕಾರದ ಭಾಗವನ್ನು 'ಭಯದ ಕೇಂದ್ರ' ಎಂದು ಬರೆದಿರುತ್ತಾರೆ. ನಾನೂ ಹಾಗೇ ಪಾಠ ಮಾಡಿದ್ದೆ. ಅಪರೂಪದ ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಲಾ ನಾಶವಾದ ಒಬ್ಬ ಅಮೆರಿಕನ್ ಮಹಿಳೆಯ ಮೇಲೆ ದಶಕಗಳಿಂದ ಅಧ್ಯಯನ ನಡೆದಿದೆ. ಹಾವು, ಜೇಡ, ಯಾವುದಕ್ಕೂ ಆಕೆ ಹೆದರುತ್ತಿರಲಿಲ್ಲ. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆಕೆಗೆ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಗಾಳಿಯನ್ನು ಒಂದು ಉಸಿರು ಕೊಟ್ಟರು. ಆಕೆ ಉಸಿರುಗಟ್ಟಿದಂತಾಗಿ, ತೀವ್ರ ಗಾಬರಿಯಿಂದ ಸಹಾಯಕ್ಕೆ ಕೂಗಿದಳು. ಭಯದ ಕೇಂದ್ರವೇ ಇಲ್ಲದ ಮಿದುಳಿನಲ್ಲಿ ಅಷ್ಟು ದೊಡ್ಡ ಭಯ ಎಲ್ಲಿಂದ ಬಂತು? ನನ್ನ ತಂಗಿ "ಉಸಿರು ಕಟ್ಟತೈತಿ, ಸಾಯತೀನಿ ಅನಸತೈತಿ" ಎಂದಾಗ ಅವಳ ಒಳಗೆ ನಡೆಯುತ್ತಿದ್ದದ್ದು ಒಂದು ಬಾದಾಮಿಯಲ್ಲಿ ಹಿಡಿಯುವಷ್ಟು ಸಣ್ಣದಲ್ಲ ಎಂದು ಆ ಪ್ರಯೋಗ ಓದಿದ ರಾತ್ರಿ ನನಗೆ ತಿಳಿಯಿತು.

ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದ ಮೇಲೆ ನಮ್ಮವರು ಸುಮ್ಮನಿರಲಿಲ್ಲ. ಯಾರೋ ಹೇಳಿದರೆಂದು ಇನ್ನೊಂದು ಊರಿನ ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಅಲ್ಲಿ 'ಬ್ರೈನ್ ಮ್ಯಾಪಿಂಗ್'. ತಲೆಗೆ ಟೋಪಿಯಂಥದ್ದು ಹಾಕಿ, ಅಂಟು ಹಚ್ಚಿ, ಇಪ್ಪತ್ತು ನಿಮಿಷ ಇಇಜಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ತೆಗೆದರು. ಅರ್ಧ ಗಂಟೆಯಲ್ಲಿ ಕಲರ್ ಪ್ರಿಂಟ್ ಬಂತು. ಸಾಲು ಸಾಲು ಗುಂಡು ತಲೆಗಳು, ಕೆಂಪು, ನೀಲಿ, ಹಸಿರು. ಕೆಂಪಿನ ಮೇಲೆ ಪೆನ್ನು ಇಟ್ಟು "ಇದೇ ಆತಂಕ" ಎಂದರು, ನೀಲಿಯ ಮೇಲೆ ಇಟ್ಟು "ಇದೇ ಡಿಪ್ರೆಷನ್". ಮೂವತ್ತು ಸಿಟ್ಟಿಂಗಿನ ಪ್ಯಾಕೇಜು ಮಾಡಿಸಿದರೆ ಕೆಂಪು ಹಸಿರಾಗುತ್ತದೆ ಎಂದರು. ನನ್ನ ತಂಗಿಯ ಕಣ್ಣಲ್ಲಿ ನೀರು ಬಂತು. ಕೊನೆಗೂ ತನ್ನ ನೋವಿಗೆ ಒಂದು ಸಾಕ್ಷಿ ಸಿಕ್ಕಿತೆಂದು ಅತ್ತಳು ಅವಳು.

ಯಾವ ವಯಸ್ಸಿನ, ಯಾವ ದೇಶದ, ಎಷ್ಟು ಜನರ ಇಇಜಿಗೆ ಹೋಲಿಸಿ ಈ ಕೆಂಪು ಹಚ್ಚಿದ್ದೀರಿ ಎಂದು ಕೇಳಿದೆ. ಸಾಫ್ಟ್‌ವೇರಿನಲ್ಲಿ ಇರುತ್ತದೆ ಎಂದರು. ಹಿಂದಿನ ರಾತ್ರಿ ನಿದ್ದೆ ಇಲ್ಲದೆ ಇದ್ದರೆ, ನಿದ್ದೆ ಮಾತ್ರೆ ತಗೊಂಡಿದ್ದರೆ ಅಲೆಗಳು ಬದಲಾಗುವುದಿಲ್ಲವೇ ಎಂದೆ. ಉತ್ತರ ಬರಲಿಲ್ಲ. ಒಂದೇ ತಲೆ. ಒಂದು ಕಾಗದ ಏನೂ ಇಲ್ಲ ಎನ್ನುತ್ತದೆ, ಇನ್ನೊಂದು ಎಲ್ಲ ಇಲ್ಲೇ ಇದೆ ಎನ್ನುತ್ತದೆ. ಎರಡನ್ನೂ ನಂಬಿ ನಾವು ಅಷ್ಟು ತಿಂಗಳು ಕಳೆದೆವು, ಆ ತಿಂಗಳುಗಳಲ್ಲಿ ಅವಳಿಗೆ ಚಿಕಿತ್ಸೆ ಸಿಗಲಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 3ನೇ ಸೆಕ್ಷನ್ನಿನ ಪ್ರಕಾರ, ಒಬ್ಬರಿಗೆ ಮಾನಸಿಕ ಕಾಯಿಲೆ ಇದೆಯೇ ಇಲ್ಲವೇ ಎಂಬುದನ್ನು ರಾಷ್ಟ್ರೀಯವಾಗಿ ಅಥವಾ ಅಂತಾರಾಷ್ಟ್ರೀಯವಾಗಿ ಒಪ್ಪಿತವಾದ ವೈದ್ಯಕೀಯ ಮಾನದಂಡದಿಂದ, ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವೂ ಸೇರಿದಂತೆ, ತೀರ್ಮಾನಿಸಬೇಕು. ಆ ವರ್ಗೀಕರಣದಲ್ಲಿ ಖಿನ್ನತೆಯನ್ನು ಗುರುತಿಸುವುದು ರೋಗಿಯ ಮಾತಿನಿಂದ, ಲಕ್ಷಣದಿಂದ, ಎಷ್ಟು ದಿನದಿಂದ ಎಂಬ ಲೆಕ್ಕದಿಂದ. ಸ್ಕ್ಯಾನ್ ಚಿತ್ರ ಅಲ್ಲಿ ಮಾನದಂಡವೇ ಅಲ್ಲ.

ನಾನು ಸಂಶೋಧನೆಯ ವಿರುದ್ಧ ಬರೆಯುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ಇನ್ನೂ ಹೆಚ್ಚು ಸಂಶೋಧನೆ ಆಗಲಿ ಎಂದೇ ಬೇಡುತ್ತೇನೆ. ಹೆಲೆನ್ ಮೇಬರ್ಗ್ ಎಂಬ ನರವೈದ್ಯೆ, ಮಿದುಳಿನ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್‌ಗಳಲ್ಲಿ ಮಿದುಳಿನ 25ನೇ ಕ್ಷೇತ್ರ ಎಂಬ ಜಾಗ ತೀವ್ರ ಖಿನ್ನತೆಯಲ್ಲಿ ಅತಿಯಾಗಿ ಕೆಲಸ ಮಾಡುವುದನ್ನು ಕಂಡು, 2005ರಲ್ಲಿ ಟೊರಾಂಟೊದಲ್ಲಿ ಯಾವ ಔಷಧಕ್ಕೂ ಬಗ್ಗದ ಆರು ರೋಗಿಗಳ ಮಿದುಳಿಗೆ ಅಲ್ಲಿ ಸಣ್ಣ ವಿದ್ಯುತ್ ಪ್ರಚೋದನೆ ಕೊಡಿಸಿದರು. ನಾಲ್ವರು ಚೇತರಿಸಿಕೊಂಡರು. ಮುಂದೆ 90 ಜನರ ಮೇಲಿನ ಪರೀಕ್ಷೆಯಲ್ಲಿ ಆರು ತಿಂಗಳಿಗೆ ನಿರೀಕ್ಷಿಸಿದ ವ್ಯತ್ಯಾಸ ಸಿಗದೆ ಹಿನ್ನಡೆಯಾಯಿತು, ಆದರೂ ಆ ದಾರಿಯ ಕೆಲಸ ನಿಂತಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಒಂದು ಚಿಕಿತ್ಸೆಗೆ 2022ರಲ್ಲಿ ಅಮೆರಿಕದ ಔಷಧ ಪ್ರಾಧಿಕಾರದ ಒಪ್ಪಿಗೆ ಸಿಕ್ಕಿದೆ. ಅದರಲ್ಲಿ ಪ್ರತಿ ರೋಗಿಯ ಫಂಕ್ಷನಲ್ ಎಂಆರ್‌ಐ ನೋಡಿ, ತಲೆಯ ಹೊರಗಿನಿಂದ ಕಾಂತ ಪ್ರಚೋದನೆಯನ್ನು ಎಲ್ಲಿಗೆ ಗುರಿಯಿಡಬೇಕೆಂದು ಆಯ್ದುಕೊಳ್ಳುತ್ತಾರೆ. ದಿನಕ್ಕೆ ಹತ್ತು ಸಲ, ಐದು ದಿನ. ಇಲ್ಲಿ ಚಿತ್ರ ಚಿಕಿತ್ಸೆಗೆ ನಕ್ಷೆಯಾಗುತ್ತದೆ. ಕಾಯಿಲೆ ಇದೆ ಎಂದು ಅದಕ್ಕೂ ಮೊದಲೇ ವೈದ್ಯರು ಮಾತಾಡಿಸಿ ತಿಳಿದಿರುತ್ತಾರೆ.

ಮಿದುಳಿಗೂ ನಡತೆಗೂ ಇರುವ ನಂಟನ್ನು ನಂಬುವ ಹಾಗೆ ತೋರಿಸಬೇಕಾದರೆ ಸಾವಿರಾರು ಜನರ ಸ್ಕ್ಯಾನ್ ಬೇಕು, ಇಷ್ಟು ದಿನದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಇದ್ದದ್ದು 25ರ ಆಸುಪಾಸು ಎಂದು 2022ರಲ್ಲಿ ಅಮೆರಿಕದ ಒಂದು ತಂಡ ಲೆಕ್ಕ ಕೊಟ್ಟಿತು. ಆ ಸಾವಿರಾರು ತಲೆಗಳು ಯಾರವು? ಬಹುಪಾಲು ಅಮೆರಿಕ, ಯುರೋಪಿನವರವು. ಸವಣೂರಿನ, ಸಿಂಧನೂರಿನ ಹೆಂಗಸರ ಮಿದುಳು ಆ ಲೆಕ್ಕದಲ್ಲಿ ಎಲ್ಲಿದೆ? ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10 ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಂದ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮರೆವಿನ ಕಾಯಿಲೆಯ ಅಧ್ಯಯನ ನಡೆಸುತ್ತಿದೆ, ಅದರಲ್ಲಿ ಎಂಆರ್‌ಐ ಕೂಡ ಸೇರಿದೆ. ನಮ್ಮ ಜನರಿಂದ ಇಂಥ ದೊಡ್ಡ ಕೆಲಸ ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ. ಖಿನ್ನತೆ, ಆತಂಕಕ್ಕೂ ಅಂಥದೊಂದು ಆಗಲಿ, ಉತ್ತರ ಕರ್ನಾಟಕದಲ್ಲೂ ಆಗಲಿ. ನಿಮ್ಹಾನ್ಸ್ ಮುಂದೆ ನಿಂತು 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ. ವಯಸ್ಕರಲ್ಲಿ ಶೇ 10.6 ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇದೆ, ಅವರಲ್ಲಿ ಬಹುತೇಕರಿಗೆ ಚಿಕಿತ್ಸೆ ಸಿಕ್ಕಿಲ್ಲ ಎಂದು ಆ ಸಮೀಕ್ಷೆ ಹೇಳಿತು.

ಹಾಗೆ ಸಂಶೋಧನೆಗೆ ನಮ್ಮ ಜನ ಬಂದಾಗ ಅವರಿಗೆ ಕನ್ನಡದಲ್ಲಿ ಮೊದಲೇ ತಿಳಿಸಿ: ಈ ಚಿತ್ರದಿಂದ ನಿಮಗೆ ಇಂದು ಉಪಯೋಗವಿಲ್ಲ, ನಾಳೆಯವರಿಗೆ ಆಗಬಹುದು. ಜನ ಬರುತ್ತಾರೆ. ನಾನು ಬರುತ್ತೇನೆ, ನನ್ನ ತಂಗಿಯೂ ಬರುತ್ತೇನೆ ಎಂದಿದ್ದಾಳೆ.

ಚಿತ್ರ ಯಾರ ಕೈಗೆ ಹೋಗುತ್ತದೆ ಎಂಬ ಭಯವೂ ಇದೆ. 2010ರಲ್ಲಿ ಸುಪ್ರೀಂ ಕೋರ್ಟು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ, ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ನಮ್ಮದೇ ರಾಜ್ಯದ ಹೆಸರಿನ ತೀರ್ಪು. ಅಪರಾಧದ ಆರೋಪ ಹೊತ್ತವರ ತಲೆಗೆ ಸಿಕ್ಕ ಆ ರಕ್ಷಣೆ ಒಬ್ಬ ಸೊಸೆಯ ತಲೆಗೆ ಸಿಗಲಿಲ್ಲ. ಅವಳ ವರದಿ ಗಂಡನ ಮೊಬೈಲಿನಿಂದ ಬೀಗರ ಮೊಬೈಲಿಗೆ, ಅಲ್ಲಿಂದ ಊರ ಹಿರಿಯರ ಕಟ್ಟೆಗೆ ಹೋಯಿತು. ರೋಗಿಯ ಮಾಹಿತಿ ಗುಟ್ಟಾಗಿರಬೇಕೆಂದು ಅದೇ 2017ರ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಸೆಂಟರಿನವರು ವರದಿಯನ್ನು ಅವಳ ಕೈಗೇ ಕೊಡಬಹುದಿತ್ತು. ಕೊಡಲಿಲ್ಲ, ಗಂಡನ ನಂಬರಿಗೆ ಕಳಿಸಿದರು.

ಇಷ್ಟು ಹೇಳಿ ನನ್ನ ಬೇಡಿಕೆಗೆ ಬರುತ್ತೇನೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನಿಮ್ಮ ಇಲಾಖೆಯದು. ಸ್ಕ್ಯಾನಿಂಗ್ ಸೆಂಟರು, ಕ್ಲಿನಿಕ್ಕು ಅದರ ಅಡಿಯಲ್ಲೇ ನೋಂದಣಿಯಾಗಬೇಕು, ಜಿಲ್ಲಾಧಿಕಾರಿಗಳೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ಮಿದುಳಿನ ಪ್ರತಿ ಎಂಆರ್‌ಐ, ಸಿಟಿ, ಇಇಜಿ ವರದಿಯ ಕೆಳಗೆ, ಸರ್ಕಾರಿ ಇರಲಿ ಖಾಸಗಿ ಇರಲಿ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಈ ವಾಕ್ಯ ಅಚ್ಚಾಗಬೇಕೆಂದು ಒಂದು ಆದೇಶ ಹೊರಡಿಸಿ:

"ಖಿನ್ನತೆ ಮತ್ತು ಆತಂಕದ ಕಾಯಿಲೆಗಳು ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ, ವರದಿ ನಾರ್ಮಲ್ ಇದ್ದರೂ ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ."

ಅದರ ಪಕ್ಕದಲ್ಲಿ 14416 ಎಂಬ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ. 2022ರ ಅಕ್ಟೋಬರ್ 10ರಿಂದ ಇರುವ, ಕನ್ನಡದಲ್ಲೂ ಮಾತಾಡುವ, ಹಣವಿಲ್ಲದ ಈ ಸೇವೆಯ ನಂಬರು ನಮ್ಮ ಶಿಕ್ಷಕರ ಕೊಠಡಿಯಲ್ಲಿ ನನ್ನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಾದದ್ದು ತಡವಾಗಿ. ಬಣ್ಣದ ಮಿದುಳು ತೋರಿಸಿ ಖಿನ್ನತೆ ಪತ್ತೆ ಮಾಡುತ್ತೇವೆ ಎಂದು ಬೋರ್ಡು ಹಾಕಿದವರ ಬೋರ್ಡನ್ನೂ ಅದೇ ಪ್ರಾಧಿಕಾರ ಇಳಿಸಲಿ. ಒಂದು ಸಾಲು ಅಚ್ಚು ಹಾಕಲು ಎಷ್ಟು ಶಾಯಿ ಬೇಕು?

ತಂಗಿಗೆ ಕೊನೆಗೆ ಗುಣ ಕಂಡದ್ದು ತಾಲ್ಲೂಕು ಆಸ್ಪತ್ರೆಯಲ್ಲಿ, ಮಂಗಳವಾರ. ನಿಮ್ಮದೇ ಇಲಾಖೆಯ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುವ ದಿನ. ಬಸ್ಸಿಗೆ ಶೂನ್ಯ ಟಿಕೆಟ್. ಸರತಿ ಉದ್ದ ಇತ್ತು, ಆದರೂ ವೈದ್ಯೆ ಅವಳನ್ನು ಇಪ್ಪತ್ತು ನಿಮಿಷ ಮಾತಾಡಿಸಿದರು. ಒಂಬತ್ತು ಪ್ರಶ್ನೆಗಳ ಒಂದು ಕಾಗದ, ಕನ್ನಡದಲ್ಲಿ. ಹೋದ ಎರಡು ವಾರದಲ್ಲಿ ಎಷ್ಟು ದಿನ ನಿದ್ದೆ ಬರಲಿಲ್ಲ, ಎಷ್ಟು ದಿನ ಯಾವುದರಲ್ಲೂ ಆಸಕ್ತಿ ಇರಲಿಲ್ಲ. ಒಂಬತ್ತನೆಯದು ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಅವಳು ಏನು ಉತ್ತರ ಬರೆದಳೆಂದು ನೋಡಿದಾಗ ನನ್ನ ಕೈ ತಣ್ಣಗಾಯಿತು. ಎರಡು ಪರೀಕ್ಷೆಗೂ ಕಾಣದ್ದನ್ನು ಅವಳೇ ಬಾಲ್‌ಪೆನ್ನಿನಲ್ಲಿ ಟಿಕ್ ಮಾಡಿದ್ದಳು. ವೈದ್ಯೆ ಥೈರಾಯ್ಡ್‌ಗೆ ರಕ್ತ ಪರೀಕ್ಷೆ ಬರೆದರು, ಮಾತ್ರೆ ಶುರು ಮಾಡಿದರು, ಪ್ರತಿ ಎರಡು ವಾರಕ್ಕೆ ಬರಬೇಕೆಂದರು. ಆಮೇಲೆ ಅವಳ ಗಂಡನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಹೊರಗೆ ಬಂದ ಮೇಲೆ ಅವನು ನನ್ನ ಮುಖ ನೋಡಲಿಲ್ಲ, ಅವಳ ಚೀಲ ತಾನೇ ಎತ್ತಿಕೊಂಡ.

ಆರನೇ ವಾರ ಅವಳು ಫೋನ್ ಮಾಡಿ, ಬೆಳಗಿನ ಐದರವರೆಗೆ ನಿದ್ದೆ ಹತ್ತಿತ್ತು ಅಂದಳು. ಒಳ್ಳೆಯ ದಿನ ಕೆಟ್ಟ ದಿನ ಎರಡೂ ಈಗಲೂ ಇವೆ. ಮಾತ್ರೆ ನಡೆದಿದೆ.

ಈ ಪತ್ರವನ್ನು ನಿಮಗೆ ಕಳಿಸುವ ಮೊದಲು ಅವಳಿಗೆ ಪೂರ್ತಿ ಓದಿ ಹೇಳಿದೆ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕೇಳಿದಳು. ತಾಳಿಯ ಮಾತು ತೆಗೆದುಬಿಡಲೇ ಎಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಬ್ಯಾಡ, ಇರಲಿ. ಆದ್ರ ಅವ್ವ ಅರಿಶಿಣದ ದಾರ ಕಟ್ಟಿದ್ಲಲ್ಲ, ಅದನ್ನೂ ಬರದೀಯಿಲ್ಲ?" ಎಂದು ಕೇಳಿದಳು. ಬರೆದಿದ್ದೇನೆ ಅಂದೆ.

ಇಂತಿ ತಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ಶಿಕ್ಷಕಿ